ಬೂದಿಯ ಬಲ

ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಉಳಿಯುವ ಹೊಟ್ಟಿನ ಬೂದಿಯ ಮೇಲೆ ನನಗೆ ಅಪಾರ ಗೌರವ. ಭತ್ತದ ಗಿಡ ಮಣ್ಣಿನಿಂದ ಹೀರಿದ ಸಿಲಿಕಾ ಹೊಟ್ಟಿನಲ್ಲಿ ಕೂತಿರುತ್ತದೆ. ಸುಟ್ಟ ಮೇಲೆ ಬೂದಿಯಲ್ಲಿ ಬಹುಪಾಲು ಅದೇ. ಸುಮಾರು 700 ಡಿಗ್ರಿ ಸೆಲ್ಸಿಯಸ್ ಮೀರದಂತೆ ಹದವಾಗಿ ಸುಟ್ಟು, ನುಣ್ಣಗೆ ಅರೆಯಬೇಕು. ಬೆಂಕಿ ಜೋರಾದರೆ ಸಿಲಿಕಾ ಹರಳುಗಟ್ಟಿ ಜಡವಾಗುತ್ತದೆ. ಸಿಮೆಂಟಿಗೆ ನೀರು ಸೇರಿದಾಗ ಹುಟ್ಟುವ ಸುಣ್ಣವನ್ನು ಈ ಬೂದಿ ಹಿಡಿದು ಗಟ್ಟಿ ಅಂಟಾಗಿಸುತ್ತದೆ, ಕಾಂಕ್ರೀಟಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಆಮೇಲೆ ಉಪ್ಪುನೀರು ಒಳಗಿನ ಕಬ್ಬಿಣವನ್ನು ಮುಟ್ಟುವುದು ಸುಲಭವಲ್ಲ. ಎಂಥ ಸೊಗಸಾದ ರಸಾಯನ!

ರಾಯಚೂರು ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹಾರುಬೂದಿ, ತೋರಣಗಲ್ಲಿನ ಉಕ್ಕು ಕಾರ್ಖಾನೆಯ ಸ್ಲ್ಯಾಗ್ ಕೂಡ ಹೀಗೆಯೇ ಉಪಕಾರಿಗಳು. ನಮ್ಮವರಿಗೆ ಇದು ಹೊಸತೂ ಅಲ್ಲ: ಕನ್ನಂಬಾಡಿ ಕಟ್ಟೆ ಎದ್ದದ್ದು ಸುಣ್ಣಕ್ಕೆ ಇಟ್ಟಿಗೆಪುಡಿ ಬೆರೆಸಿದ ಸುರ್ಕಿ ಗಾರೆಯಿಂದ.

ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಜೊಲಾನಾ) ಸಿಮೆಂಟಿನಲ್ಲಿ ಶೇ. 15ರಿಂದ 35ರಷ್ಟು ಹಾರುಬೂದಿ ಇರಬಹುದೆಂದು ಕೇಳಿ ಕಲಬೆರಕೆ ಎಂದು ಮೂಗು ಮುರಿಯುವವರಿದ್ದಾರೆ. ಅದು ತಪ್ಪು. ಈ ಪ್ರಮಾಣವನ್ನು ಒಪ್ಪಿರುವುದು ಭಾರತೀಯ ಮಾನಕವೇ. ಬಲ ಬರುವುದು ಸ್ವಲ್ಪ ನಿಧಾನ, ಅಷ್ಟೇ. ಮನೆ ಕಟ್ಟಿಸುವವರೇ, ಇಂಥ ಸಿಮೆಂಟು ಬಳಸಿದಾಗ ಕನಿಷ್ಠ 10 ದಿನ, ಸಾಧ್ಯವಾದರೆ 14 ದಿನ, ತಪ್ಪದೆ ಕ್ಯೂರಿಂಗ್ ಮಾಡಿಸಿ.