ಕಾಂಟೆಸ್ಸಾಗೆ ಎಷ್ಟು ಕುದುರೆ ಬೇಕು?

ಕಾಂಟೆಸ್ಸಾ ಹುಟ್ಟಿದ್ದೇ ತನ್ನದಲ್ಲದ ಎಂಜಿನ್ ಹೊತ್ತು. 1984ರಲ್ಲಿ ಹಿಂದೂಸ್ಥಾನ್ ಮೋಟಾರ್ಸ್ ಇದನ್ನು ಮಾರುಕಟ್ಟೆಗೆ ತಂದಾಗ ಮೈಕಟ್ಟು ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿಯದಾಗಿತ್ತು, ಬಾನೆಟ್ಟಿನ ಒಳಗಿದ್ದದ್ದು ಅಂಬಾಸಿಡರಿನ 1489 ಸಿಸಿ ಎಂಜಿನ್. ಅದರ ಶಕ್ತಿ ಸುಮಾರು 50 ಅಶ್ವಶಕ್ತಿ. ದೇಶದಲ್ಲಿ ತಯಾರಾಗುತ್ತಿದ್ದ ಕಾರುಗಳ ಪೈಕಿ ಆಗ ಇದೇ ದೊಡ್ಡಸ್ತಿಕೆಯ ಕಾರು. ಮಂತ್ರಿಗಳು, ಕಂಟ್ರಾಕ್ಟರುಗಳು, ಗಿರಣಿ ಮಾಲೀಕರು ಇದರ ಅಗಲವಾದ ಹಿಂದಿನ ಸೀಟಿನಲ್ಲಿ ಕೂತು ಊರೂರು ತಿರುಗಿದರು. ಆದರೆ ಐದು ಜನ ಕೂತು ಏಸಿ ಹಾಕಿದ ಮೇಲೆ ಏರಿನಲ್ಲಿ ಒಂದು ಲಾರಿಯನ್ನು ಹಿಂದೆ ಹಾಕಬೇಕೆಂದರೆ ಡ್ರೈವರ್ ಎರಡು ಗೇರು ಇಳಿಸಿ ಕಾಯಬೇಕಿತ್ತು.

ಅದೇ ಮೈಕಟ್ಟಿಗೆ ಇಂಗ್ಲೆಂಡಿನಲ್ಲಿ ಬೇರೆಯ ಬದುಕಿತ್ತು. 1972ರಲ್ಲಿ ಬಂದ ವಾಕ್ಸ್‌ಹಾಲ್ ವಿಕ್ಟರ್ ಸಾಲಿನ ಮೇಲ್ದರ್ಜೆಯ ಕಾರಾದ ವೆಂಟೋರಾದಲ್ಲಿ 3.3 ಲೀಟರಿನ, ಸಾಲಾಗಿ ಆರು ಸಿಲಿಂಡರ್ ನಿಂತ ಎಂಜಿನ್ ಇತ್ತು. ಕಾಂಟೆಸ್ಸಾದ ಮೂತಿ ಅಷ್ಟು ಉದ್ದವಿರುವುದು ಅಂದಕ್ಕಷ್ಟೇ ಅಲ್ಲ, ಆ ಆರು ಸಿಲಿಂಡರುಗಳಿಗೆ ಜಾಗ ಬೇಕಿತ್ತು. ನಮ್ಮಲ್ಲಿಗೆ ಬಂದಾಗ ಆ ಜಾಗದಲ್ಲಿ ನಾಲ್ಕು ಸಿಲಿಂಡರಿನ ಪುಟ್ಟ ಎಂಜಿನ್ ಕೂತಿತು, ಮುಂದೆ ರೇಡಿಯೇಟರಿನವರೆಗೆ ಬಯಲು ಉಳಿಯಿತು. ಮುಂದೆ ಕಂಪನಿಯೇ ಈ ಕೊರತೆಯನ್ನು ಒಪ್ಪಿಕೊಂಡಿತು. ಜಪಾನಿನ ಇಸುಜು ಕಂಪನಿಯ 1817 ಸಿಸಿ ಪೆಟ್ರೋಲ್ ಎಂಜಿನ್ ಮತ್ತು ಐದು ಗೇರಿನ ಡಬ್ಬಿ ಕೂರಿಸಿ ‘ಕಾಂಟೆಸ್ಸಾ ಕ್ಲಾಸಿಕ್’ ಎಂದು ಮಾರಿತು. ಆಮೇಲೆ 2 ಲೀಟರಿನ ಇಸುಜು ಡೀಸೆಲ್ಲೂ ಬಂತು. ಪೆಟ್ರೋಲ್ ಎಂಜಿನ್ನಿನಲ್ಲಿ ಶಕ್ತಿ 80ರ ಗಡಿ ದಾಟಿತು, ಕಾರಿಗೆ ಮೊದಲ ಬಾರಿ ಅದರ ಮೈಗೆ ಹತ್ತಿರವಾದ ಓಟ ಸಿಕ್ಕಿತು. 2002ರಲ್ಲಿ ಉತ್ಪಾದನೆ ನಿಲ್ಲುವವರೆಗೂ ಜನ ಮೆಚ್ಚಿದ್ದು ಈ ಕಾರನ್ನೇ.

ಇಷ್ಟನ್ನೆಲ್ಲ ಹೇಳಲು ಕಾರಣವಿದೆ. ಕಾಂಟೆಸ್ಸಾದ ಎಂಜಿನ್ ಇಳಿಸಿ ಬೇರೆಯದನ್ನು ಕೂರಿಸುವ ಕೆಲಸ ಬೆಂಗಳೂರಿನ ಕೆಲವು ಗ್ಯಾರೇಜುಗಳಲ್ಲಿ ಹುರುಪಿನಿಂದ ನಡೆದಿದೆ. ಮೂಲ ಎಂಜಿನ್ ತೆಗೆದರೆ ಕಾರಿನ ಮರ್ಯಾದೆಯೇ ಹೋಯಿತು ಎನ್ನುವವರು ಯಾವ ಮೂಲ ಎಂದು ಹೇಳಬೇಕು. ಅಂಬಾಸಿಡರಿನದೋ, ಇಸುಜುವಿನದೋ, ವೆಂಟೋರಾದ್ದೋ? ಈ ಕಾರಿನ ಮಟ್ಟಿಗೆ ಎಂಜಿನ್ ಬದಲಾವಣೆ ತಪ್ಪಲ್ಲ ಎಂದೇ ನನ್ನ ತೀರ್ಮಾನ. ಹೊಸ ಎಂಜಿನ್ ಆ ಮೈಗೆ ಒಪ್ಪುತ್ತದೆಯೇ ಎಂಬುದನ್ನು ಮಾತ್ರ ಕಣ್ಣಿಟ್ಟು ನೋಡಬೇಕು.

ಹುಡುಗರ ಕನಸಿನಲ್ಲಿರುವುದು ಟೊಯೋಟಾದ 2ಜೆಝಡ್. 2997 ಸಿಸಿ, ಸಾಲಾಗಿ ಆರು ಸಿಲಿಂಡರ್, ಎರಕದ ಕಬ್ಬಿಣದ ಬ್ಲಾಕ್. 1993ರ ಸುಪ್ರಾ ಕಾರಿನಲ್ಲಿ ಎರಡು ಟರ್ಬೋ ಹೊತ್ತು ಹೆಸರು ಮಾಡಿತು. ಒಳಗಿನ ಪಿಸ್ಟನ್, ಕನೆಕ್ಟಿಂಗ್ ರಾಡ್ ಬದಲಿಸಿ, ದೊಡ್ಡ ಟರ್ಬೋ ಹಾಕಿ, ಕಂಪ್ಯೂಟರಿನಲ್ಲಿ ಪೆಟ್ರೋಲಿನ ಅಳತೆ ಹೊಸದಾಗಿ ಬರೆದರೆ ಹುಟ್ಟಿನ ಶಕ್ತಿಯ ಎರಡು ಪಟ್ಟನ್ನೂ ಇದು ತಾಳುತ್ತದೆ. ಆರು ಸಿಲಿಂಡರಿಗೆಂದೇ ಮಾಡಿದ ಮೂತಿಯೊಳಗೆ ಆರು ಸಿಲಿಂಡರ್ ಮರಳಿ ಬರುವುದರಲ್ಲಿ ಒಂದು ನ್ಯಾಯವಿದೆ. ಸಾಲು-ಆರರ ಎಂಜಿನ್ನಿಗೆ ಸ್ವಭಾವತಃ ಅದುರು ಕಡಿಮೆ. ನಾಲ್ಕು ಸಿಲಿಂಡರಿನ ಗಡಗಡ ಹೋಗಿ ಕಾರು ಒಂದೇ ಸಮನೆ ಸಾಗುತ್ತದೆ. ಐಷಾರಾಮಿ ಕಾರಿಗೆ ಬೇಕಾದದ್ದು ಮೊದಲು ಈ ನುಣುಪು, ವೇಗ ಆಮೇಲಿನ ಮಾತು.

ಆದರೆ ಕೆಲಸದ ಗುಣ ತಿಳಿಯಬೇಕಾದರೆ ಬಾನೆಟ್ ಎತ್ತಿ ಹೊಳೆಯುವ ಪೈಪುಗಳನ್ನು ನೋಡಿದರೆ ಸಾಲದು, ಕಾರನ್ನು ಮೇಲೆತ್ತಿ ಕೆಳಗಿನಿಂದ ನೋಡಬೇಕು. ಕಾಂಟೆಸ್ಸಾಗೆ ಲಾರಿಯಂತೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಹೊಸ ಎಂಜಿನ್ನಿನ ಸಂಪು ಮುಂದಿನ ಕ್ರಾಸ್ ಮೆಂಬರಿಗೆ ತಾಗುತ್ತದೆ ಎಂದು ಅದನ್ನೇ ಗ್ಯಾಸ್ ಕಟರಿನಲ್ಲಿ ಕೊರೆದಿದ್ದರೆ ಮುಂದಿನ ಚಕ್ರಗಳ ಇಡೀ ಭಾರ ಹೊರುವ ಭಾಗಕ್ಕೇ ಪೆಟ್ಟು ಬಿದ್ದಿದೆ ಎಂದರ್ಥ. ಒಳ್ಳೆಯ ಕೈಯವನು ಸಂಪನ್ನು ಹೊಸದಾಗಿ ಮಾಡಿಸುತ್ತಾನೆ, ಕ್ರಾಸ್ ಮೆಂಬರಿಗೆ ಕೈ ಹಚ್ಚುವುದಿಲ್ಲ. ಎಂಜಿನ್ ಮೌಂಟಿಂಗು ವೆಲ್ಡಿಂಗಿನಲ್ಲಿ ನಿಂತಿದೆಯೋ ಬೋಲ್ಟಿನಲ್ಲಿ ನಿಂತಿದೆಯೋ ನೋಡಬೇಕು. ಪ್ರೊಪೆಲ್ಲರ್ ಶಾಫ್ಟನ್ನು ಲೇತಿನಲ್ಲಿ ಕತ್ತರಿಸಿ ಜೋಡಿಸಿದ ಮೇಲೆ ಬ್ಯಾಲೆನ್ಸ್ ಮಾಡಿಸಿದ್ದಾರೆಯೇ ಎಂದು ಕೇಳಬೇಕು. ಹಿಂದಿನ ಹೌಸಿಂಗಿನ ಕ್ರೌನ್-ಪಿನಿಯನ್ 50-80 ಅಶ್ವಶಕ್ತಿಗೆಂದು ಲೆಕ್ಕ ಹಾಕಿ ಮಾಡಿದ್ದು. ಅದರ ಮೇಲೆ 400 ಸುರಿದರೆ ಒಂದು ದಿನ ಹಲ್ಲು ಕಳಚುತ್ತದೆ, ಅದೂ ಪೂರ್ತಿ ವೇಗದಲ್ಲಿರುವಾಗ. ಹಿಂಬದಿಯ ಡ್ರಮ್ ಬ್ರೇಕನ್ನು ಹಾಗೆಯೇ ಬಿಟ್ಟು ಮುಂದೆ ಟರ್ಬೋ ಕೂರಿಸುವುದೆಂದರೆ ಅಚ್ಚು ಸವೆದ ಗಾಡಿಗೆ ಓಟದ ಹಳ್ಳಿಕಾರ್ ಹೋರಿ ಕಟ್ಟಿದ ಹಾಗೆ. ಹೋರಿಗೇನೂ ಆಗದು, ಗಾಡಿಯಲ್ಲಿ ಕೂತವರ ಗತಿ ಏನು?

ಈ ವಿಷಯದಲ್ಲಿ ಅಮೆರಿಕದ ಟಿವಿ ನಿರೂಪಕ ಜೇ ಲೆನೊ ಅವರ 1955ರ ಬ್ಯೂಕ್ ರೋಡ್‌ಮಾಸ್ಟರ್ ನೆನಪಿಡಬೇಕಾದ ಉದಾಹರಣೆ. ಅವರು ಬಡತನದ ದಿನಗಳಲ್ಲಿ ಓಡಿಸುತ್ತಿದ್ದ ಐಷಾರಾಮಿ ಕಾರದು. ಅದರಲ್ಲಿದ್ದ 322 ಘನ ಇಂಚಿನ ವಿ8 ತೆಗೆದು 572 ಘನ ಇಂಚಿನ, 620 ಅಶ್ವಶಕ್ತಿಯ ಎಂಜಿನ್ ಕೂರಿಸಿದರು. ಜೊತೆಗೆ ಕಾರ್ವೆಟ್ ಕಾರಿನ ಸಸ್ಪೆನ್ಷನ್, ಬ್ರೇಕುಗಳನ್ನೂ ಅಳವಡಿಸಿದರು. ಹೊರಗಿನಿಂದ ನೋಡಿದರೆ ಅದು ಅದೇ ಬ್ಯೂಕ್. ಎಂಜಿನ್ನಿನ ಖರ್ಚಿನ ಜೊತೆಗೆ ನಿಲ್ಲಿಸುವ ಖರ್ಚನ್ನೂ ಮಾಡಿದ್ದರಿಂದ ಆ ಕೆಲಸಕ್ಕೆ ನಾನು ಹೆಚ್ಚು ಅಂಕ ಕೊಡುತ್ತೇನೆ.

ನಮ್ಮಲ್ಲಿ ಎಂಜಿನ್ ಬದಲಾವಣೆಯ ಹಳೆಯ ಪರಂಪರೆ ಶಕ್ತಿಗಾಗಿ ಹುಟ್ಟಿದ್ದಲ್ಲ, ಉಳಿತಾಯಕ್ಕಾಗಿ ಹುಟ್ಟಿದ್ದು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಬಂದ ಪ್ಲಿಮತ್, ಡಾಡ್ಜ್, ಷೆವರ್ಲೆ ಕಾರುಗಳ ದೊಡ್ಡ ಪೆಟ್ರೋಲ್ ಎಂಜಿನ್ನುಗಳನ್ನು ಪೆಟ್ರೋಲ್ ದುಬಾರಿಯಾದ ಮೇಲೆ ಇಳಿಸಿ, ಪರ್ಕಿನ್ಸ್ ಡೀಸೆಲ್ಲನ್ನೋ ಮೆಟಡೋರಿನ ಎಂಜಿನ್ನನ್ನೋ ಹಾಕಿದರು. ಕಾರಿನ ಗಾಂಭೀರ್ಯ ಹೋಯಿತು, ಸೀಟು ನಡುಗಿತು, ಕಾರು ಉಳಿಯಿತು. ಆ ಮಿಸ್ತ್ರಿಗಳನ್ನು ಹಳಿಯುವ ಸಂಗ್ರಹಕಾರರಿದ್ದಾರೆ. ಎಂಜಿನ್ ಬದಲಾಗದಿದ್ದರೆ ಆ ಕಾರುಗಳಲ್ಲಿ ಎಷ್ಟೋ ಶಿವಾಜಿನಗರದ ಗುಜರಿಯಲ್ಲಿ ತೂಕಕ್ಕೆ ಹೋಗುತ್ತಿದ್ದವು ಎಂಬುದನ್ನು ಅವರು ಮರೆಯಬಾರದು.

ಇನ್ನು ರಸ್ತೆಯ ಮಾತು. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ರಂದು ಲೋಕಾರ್ಪಣೆಯಾದದ್ದು ನಮ್ಮ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯ ಸಭೆಯಲ್ಲಿ. 118 ಕಿ.ಮೀ. ಉದ್ದ, ನಡುವೆ ಆರು ಪಥ, ಅಕ್ಕಪಕ್ಕ ಸರ್ವಿಸ್ ರಸ್ತೆ. ಟೊಯೋಟಾ ಕಂಪನಿಯ ಕಾರ್ಖಾನೆಯೂ ಇದೇ ದಾರಿಯ ಬಿಡದಿಯಲ್ಲಿದೆ. ಇಂಥ ನೇರ ರಸ್ತೆ ಕಂಡ ಕೂಡಲೇ ಹೊಸ ಎಂಜಿನ್ ಕೂರಿಸಿದವರಿಗೆ ಕಾಲು ತುರಿಸುವುದು ಸಹಜ. ಆದರೆ 2023ರಲ್ಲಿ ಈ ರಸ್ತೆಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ಪಥದಿಂದ ಹೊರಗಿಟ್ಟರು. ಕಬ್ಬು ತುಂಬಿದ ಟ್ರ್ಯಾಕ್ಟರ್ ಈಗ ಸರ್ವಿಸ್ ರಸ್ತೆಯಲ್ಲಿ ಸಾಗಬೇಕು. ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿ, ಕ್ಯಾಮೆರಾ ಕಾವಲು, 130 ಮೀರಿದರೆ ಎಫ್‌ಐಆರ್. ನಮ್ಮ ಊರಿನ ರೈತ ತನ್ನ ಟ್ರ್ಯಾಕ್ಟರನ್ನು ಪಕ್ಕಕ್ಕೆ ಸರಿಸಿಕೊಂಡದ್ದು ಯಾರದೋ 400 ಅಶ್ವಶಕ್ತಿಗೆ ಜಾಗ ಬಿಡಲಿಕ್ಕಲ್ಲ. ಪೂರ್ತಿ ಶಕ್ತಿ ನೋಡಲೇಬೇಕೆಂದಿದ್ದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇದೆ, ಚೆನ್ನೈ ಬಳಿ ಇರುಂಗಾಟುಕೋಟೈಯ ಟ್ರ್ಯಾಕ್ ಇದೆ.

ಹೀಗಾಗಿ ಈ ರಸ್ತೆಗೂ ಈ ಕಾರಿಗೂ ಒಪ್ಪುವ ಅಳತೆ 150ರಿಂದ 200 ಅಶ್ವಶಕ್ತಿ ಎಂದು ನನಗೆ ಅನ್ನಿಸುತ್ತದೆ. ಟರ್ಬೋ ಇಲ್ಲದ ಸಾಲು-ಆರು ಅಷ್ಟನ್ನು ನಿರಾಯಾಸವಾಗಿ ಕೊಡುತ್ತದೆ. ಟಾಪ್ ಗೇರಿನಲ್ಲಿ 100ರ ಆಸುಪಾಸು ಎಂಜಿನ್ ಅರೆಎಚ್ಚರದಲ್ಲಿ ತಿರುಗುತ್ತಿರುತ್ತದೆ, ಮದ್ದೂರಿನ ಒಳರಸ್ತೆಯ ದಟ್ಟಣೆಯಲ್ಲಿ ಅರ್ಧ ಗಂಟೆ ನಿಂತರೂ ಬಿಸಿಯೇರುವುದಿಲ್ಲ. ಐಷಾರಾಮವೆಂದರೆ ಅದೇ.

ಕಾನೂನು ಮಾತ್ರ ಈ ಯಾವ ಅಂತರವನ್ನೂ ನೋಡುವುದಿಲ್ಲ. ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊರತಾಗಿ ವಾಹನ ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿಯಾಗಿ ಹೇಳಿತು. ಸಿಎನ್‌ಜಿ ಕಿಟ್ಟಿಗೆ ದಾರಿ ಇದೆ, ಸಾಲು-ಆರಕ್ಕೆ ಇಲ್ಲ. ಆರ್‌ಸಿಯಲ್ಲಿರುವ ಎಂಜಿನ್ ನಂಬರಿಗೂ ಬ್ಲಾಕಿನ ಮೇಲಿನ ನಂಬರಿಗೂ ತಾಳೆಯಾಗದ ಕಾರನ್ನು ಬ್ರೇಕ್ ಇನ್ಸ್‌ಪೆಕ್ಟರ್ ತಡೆದರೆ ಅದು ಅವರ ಕರ್ತವ್ಯ. ಜರ್ಮನಿಯಲ್ಲಿ ಬದಲಾವಣೆಗಳನ್ನು ಟಿಯುವಿಯಂಥ ಸಂಸ್ಥೆಯ ಎಂಜಿನಿಯರ್ ಪರೀಕ್ಷಿಸಿ ಒಪ್ಪಿದರೆ ಕಾಗದಪತ್ರದಲ್ಲಿ ನಮೂದಿಸುತ್ತಾರೆ. ಬ್ರೇಕು, ಸಸ್ಪೆನ್ಷನ್, ಹೊಗೆ, ಸದ್ದು ಎಲ್ಲವನ್ನೂ ಅಳೆಯುವ ಅಂಥ ವ್ಯವಸ್ಥೆ ಇಲ್ಲೂ ಬರಬೇಕು. ಆಗ ಕಳಪೆ ಕೆಲಸ ತಾನಾಗಿ ಹೊರಬೀಳುತ್ತದೆ, ಒಳ್ಳೆಯ ಮಿಸ್ತ್ರಿ ಕದ್ದುಮುಚ್ಚಿ ದುಡಿಯಬೇಕಿಲ್ಲ.

ಇನ್ನೊಂದು ನಿಯಮವನ್ನು ಕಾಂಟೆಸ್ಸಾ ಮಾಲೀಕರು ಈಗಲೇ ಗಮನಿಸಬೇಕು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ವಿಂಟೇಜ್ ನಿಯಮದಂತೆ 50 ವರ್ಷ ತುಂಬಿದ ವಾಹನಕ್ಕೆ ‘ವಿಎ’ ಅಕ್ಷರವಿರುವ ವಿಶೇಷ ನಂಬರ್ ಸಿಗುತ್ತದೆ, ನೋಂದಣಿ ಶುಲ್ಕ 20,000 ರೂಪಾಯಿ. ಆದರೆ ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಮೊದಲ ಕಾಂಟೆಸ್ಸಾಗಳಿಗೆ 50 ತುಂಬುವುದು 2034ರಲ್ಲಿ. ಇಂದು ಬಾಡಿ ಕೊರೆದು ಎಂಜಿನ್ ಕೂರಿಸಿದ ಕಾರು ಅಂದು ಆ ಸಾಲಿನಲ್ಲಿ ನಿಲ್ಲಲಾರದು. ಆದ್ದರಿಂದ ಮೌಂಟಿಂಗು ಬೋಲ್ಟಿನಲ್ಲೇ ಇರಲಿ, ಫೈರ್‌ವಾಲ್ ತುಂಡಾಗದಿರಲಿ, ಹಳೆಯ ವೈರಿಂಗನ್ನು ಕತ್ತರಿಸದೆ ಸುತ್ತಿಡಿ. ಇಳಿಸಿದ ಎಂಜಿನ್ನಿನ ಸಿಲಿಂಡರುಗಳಿಗೆ ಆಯಿಲ್ ಬಿಟ್ಟು, ಪ್ಲಗ್ಗಿನ ತೂತು ಮುಚ್ಚಿ, ಗೇರ್ ಬಾಕ್ಸು, ರೇಡಿಯೇಟರ್ ಸಮೇತ ನಂಬರು ಬರೆದು ಜೋಪಾನ ಮಾಡಿ. ಕಾರು ಮಾರುವ ದಿನ ಅವನ್ನೂ ಕಾರಿನ ಜೊತೆಗೇ ಕೊಡಿ.