ಅಡಿಕೆಯ ಚೊಗರು, ಭದ್ರಾವತಿಯ ತುಕ್ಕು

ಅಡಿಕೆ ಚೊಗರನ್ನು ಗಾಜಿನ ಲೋಟದಲ್ಲಿ ಬಿಸಿಲಿಗೆ ಹಿಡಿದು ನೋಡಬೇಕು. ಹಂಡೆಯಲ್ಲಿರುವಾಗ ಅದು ಬರೀ ಕಪ್ಪು. ಬಸಿದು ತಂದು ಬೆಳಕಿಗೆ ಒಡ್ಡಿದರೆ ಒಳಗಿನಿಂದ ಕೆಂಪು ಎದ್ದು ಬರುತ್ತದೆ. ಅಂಚಿನಲ್ಲಿ ಹಳದಿ ಬೆರೆತ ತೆಳುಗೆಂಪು, ನಡುವೆ ಇಟ್ಟಿಗೆಯ ಬಣ್ಣ, ತಳದಲ್ಲಿ ಕೆಂಪೋ ಕಂದೋ ಎಂದು ತೀರ್ಮಾನಿಸಲಾಗದ ಗಾಢ. ಬೆರಳಿಗೆ ಅಂಟಿದರೆ ಸೋಪಿಗೂ ಬಗ್ಗುವುದಿಲ್ಲ, ಉಗುರಿನ ಸಂದಿಯಲ್ಲಿ ನಾಲ್ಕಾರು ದಿನ ಉಳಿದೇ ಇರುತ್ತದೆ.

ಮಲೆನಾಡಿನ ಕೊಯ್ಲಿನ ಕಾಲವೆಲ್ಲ ಈ ಬಣ್ಣದಲ್ಲಿ ಅದ್ದಿರುತ್ತದೆ. ಕೊನೆಗೌಡ ಮರದಿಂದ ಇಳಿಸಿದ ಹಸಿರು ಕೊನೆಗಳು ಅಂಗಳಕ್ಕೆ ಬರುತ್ತವೆ. ಮೆಟ್ಟುಗತ್ತಿಯ ಮುಂದೆ ಕೂತವರ ಕೈಯಲ್ಲಿ ಸಿಪ್ಪೆ ಒಂದು ಕಡೆ, ಅಡಿಕೆ ಒಂದು ಕಡೆಯಾಗುತ್ತದೆ. ಸುಲಿದದ್ದು ಹಂಡೆಗೆ ಬಿದ್ದು ಬೇಯುತ್ತದೆ. ಒಂದೊಂದೇ ಒಬ್ಬೆ ಬೆಂದು ಮೇಲೆ ಬಂದಂತೆ ನೀರು ಮಂದವಾಗುತ್ತ ಹೋಗುತ್ತದೆ. ಆ ಮಂದ ನೀರೇ ಚೊಗರು. ಮುಂದಿನ ಒಬ್ಬೆಯ ಅಡಿಕೆಗೆ ಬಣ್ಣ ಹಿಡಿಸುವುದೂ ಅದೇ. ಶಿವಮೊಗ್ಗದ ಮಾರುಕಟ್ಟೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಹೆಸರು ಹಿಡಿದು ಬೆಲೆ ಕಟ್ಟುವ ಕೆಂಪಡಿಕೆಯ ಮೈಮೇಲಿನ ಮಿರುಗು ಈ ಹಂಡೆಯಿಂದ ಬಂದದ್ದು. ಸಾಗರದ ಹೆಗ್ಗೋಡಿನ ಹತ್ತಿರದ ‘ಚರಕ’ ಮಹಿಳಾ ಸಹಕಾರ ಸಂಘದ ಹೆಣ್ಣುಮಕ್ಕಳು ಇದೇ ಚೊಗರಿನಿಂದ ಕೈಮಗ್ಗದ ನೂಲಿಗೆ ಬಣ್ಣ ಕಟ್ಟುತ್ತಾರೆ. ಆ ಬಟ್ಟೆ ತೊಟ್ಟವರಿಗೆ ಅದರ ಕೆಂಪು ಒಗೆದಷ್ಟೂ ಹಿತವಾಗುತ್ತ ಹೋಗುವುದು ಗೊತ್ತಿದೆ.

ಊರಿಗೆ ಬಂದ ನೆಂಟರು ಹೊರಡುವ ಹೊತ್ತಿಗೆ ಕೇಳುವುದುಂಟು: “ಅಕ್ಕಾ, ಶಿವಮೊಗ್ಗದ ನೆನಪಿಗೆ ಅಂತ ಏನು ತಗೊಂಡು ಹೋಗೋಣ?” ಗಾಂಧಿ ಬಜಾರಿನ ಕಡೆ ಕೈ ತೋರಿಸಿದರೆ ಮುಗಿಯಿತು. ಗಂಧದ ಹಾರ, ಅಡಿಕೆ ಪೋಣಿಸಿದ ಹಾರ, ಮರದ ಗಣಪತಿ. ಗುಡಿಗಾರರ ಕೈಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ. ಸಾಗರ, ಸೊರಬದ ಕಡೆಯ ಆ ಮನೆತನಗಳು ಶ್ರೀಗಂಧದ ಕರಡಿಗೆಯ ಮುಚ್ಚಳದ ಮೇಲೆ ಬಳ್ಳಿ ಬಿಡಿಸಿದ್ದನ್ನು ನೋಡಿದರೆ, ಉಳಿ ಎಲ್ಲಿ ನಿಂತಿತು, ಎಲ್ಲಿ ತಿರುಗಿತು ಎಂದು ಹುಡುಕಿ ಹುಡುಕಿ ಕಣ್ಣು ಸೋಲುತ್ತದೆ. ಅಂಥದ್ದನ್ನು ಚೌಕಾಸಿ ಮಾಡದೆ, ಕೇಳಿದ ಬೆಲೆ ಕೊಟ್ಟು ಕೊಳ್ಳಬೇಕು. ಆದರೆ ಆ ಕರಡಿಗೆಯಲ್ಲಿ ಇರುವುದು ಕೆತ್ತಿದವರ ಬದುಕು. ನಾವು ಊರು ಸುತ್ತಿದ ದಿನಗಳು ಅದರಲ್ಲಿ ಇಳಿದಿರುವುದಿಲ್ಲ. ಪ್ರವಾಸದ ನೆನಪಿಗೆ ಅಂತಲೇ ಒಂದು ವಸ್ತು ಬೇಕಿದ್ದರೆ ಅದರೊಳಗೆ ಸ್ವಲ್ಪವಾದರೂ ನಮ್ಮ ಕೈ ಆಡಿರಬೇಕು. ಅದಕ್ಕೇ ನಾನು ಕೇಳಿದವರಿಗೆಲ್ಲ ಶಾಯಿ ಮಾಡಿಕೊಳ್ಳಿ ಎನ್ನುತ್ತೇನೆ. ಇಲ್ಲಿಯ ಚೊಗರು, ಭದ್ರಾವತಿಯ ತುಕ್ಕು. ಎರಡೂ ಕೂಡಿದರೆ ಕಪ್ಪು.

ಚೊಗರು ಕೆಂಪು, ತುಕ್ಕೂ ಕೆಂಪು. ಎರಡು ಕೆಂಪು ಸೇರಿ ಕಪ್ಪಾಗುವುದನ್ನು ಕಣ್ಣಾರೆ ಕಂಡಾಗಲೇ ನಂಬಿಕೆ ಬರುವುದು. ಅಡಿಕೆ ಅಗಿದಾಗ ನಾಲಿಗೆಯನ್ನು ಹಿಡಿದೆಳೆಯುವ ಒಗರು ಇದೆಯಲ್ಲ, ಅದು ಟ್ಯಾನಿನ್. ಕಬ್ಬಿಣದ ಅಂಶ ತಗುಲಿದ ಕೂಡಲೇ ಆ ಒಗರು ಬಣ್ಣ ಬದಲಿಸಿ ಕಪ್ಪಿಗೆ ತಿರುಗುತ್ತದೆ. ಹಸಿ ಬಾಳೆಕಾಯಿಯನ್ನು ಕಬ್ಬಿಣದ ಈಳಿಗೆಯಲ್ಲಿ ಹೆಚ್ಚಿದಾಗ ಅಲಗು ಕಪ್ಪಗಾಗುವುದನ್ನು ಕಂಡ ಅಡುಗೆಮನೆಯವರಿಗೆ ಇದು ಹೊಸತೇನಲ್ಲ. ಯುರೋಪಿನಲ್ಲಿ ಶತಮಾನಗಳ ಕಾಲ ದಸ್ತಾವೇಜುಗಳನ್ನು ಬರೆದದ್ದು ಓಕ್ ಮರದ ಗಂಟುಗಳ ಒಗರನ್ನು ಕಬ್ಬಿಣದ ಲವಣಕ್ಕೆ ಬೆರೆಸಿದ ಮಸಿಯಲ್ಲಿ. ಆಂಧ್ರದ ಕಾಳಹಸ್ತಿಯ ಕಲಂಕಾರಿ ಕಲೆಗಾರರು ಇಂದಿಗೂ ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ಹುಳಿ ಬರಿಸಿ, ಅಳಲೆಕಾಯಿಯ ಒಗರು ಹಿಡಿದ ಬಟ್ಟೆಯ ಮೇಲೆ ಕಪ್ಪು ಗೆರೆ ಎಳೆಯುತ್ತಾರೆ. ಅಳಲೆಯ ಜಾಗದಲ್ಲಿ ಅಡಿಕೆಯನ್ನು ಇಟ್ಟರೆ ಆ ವಿದ್ಯೆ ನಮ್ಮ ಊರಿನದಾಗುತ್ತದೆ.

ತುಕ್ಕಿಗೆ ಭದ್ರಾವತಿಗೇ ಹೋಗಬೇಕು ಎಂಬುದು ನನ್ನ ಹಟ. ಶಿವಮೊಗ್ಗದಿಂದ 20 ಕಿಲೋಮೀಟರಿನ ಒಳಗೆ ಇರುವ, ಹಿಂದೆ ಬೆಂಕಿಪುರ ಎನಿಸಿಕೊಂಡಿದ್ದ ಆ ಊರಿನ ಚಹರೆಯೇ ಕಬ್ಬಿಣದ್ದು. ವಿಶ್ವೇಶ್ವರಯ್ಯನವರ ಕನಸಿನ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರು ಮಾಡಿತು. ಅದಿರು ಬಂದದ್ದು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ. ಕುಲುಮೆಗೆ ಉರುವಲು ಕಲ್ಲಿದ್ದಲಲ್ಲ, ಮಲೆನಾಡಿನ ಕಾಡುಮರ ಸುಟ್ಟ ಇದ್ದಿಲು. ಒಂದು ಬೆಟ್ಟವೂ ಒಂದು ಕಾಡೂ ಕರಗಿ ಎದ್ದ ಊರು ಎಂದರೆ ತಪ್ಪಿಲ್ಲ. ಆ ಕಾಡಿನ ಲೆಕ್ಕ ಇನ್ನೂ ಮನಸ್ಸನ್ನು ಚುಚ್ಚುತ್ತದೆ, ಅದನ್ನು ಮರೆತು ಬರೀ ಹೊಗಳಿಕೆ ಹಾಡುವುದು ಸರಿಯಲ್ಲ. ಗುಜರಿ ಅಂಗಡಿಯ ಮುಂದಿನ ರಾಶಿಯಲ್ಲಿ ಹುಡುಕಿದರೆ ಬಾಗಿದ ಮೊಳೆ, ಮುರಿದ ಬೋಲ್ಟು, ಬಾಗಿಲ ಹಳೆಯ ಕೀಲು ಒಂದು ಹಿಡಿ ಸಿಗುತ್ತವೆ. ಅವು ಎಲ್ಲಿ ಎರಕಗೊಂಡವೋ, ತುಕ್ಕು ಹಿಡಿದದ್ದು ಮಾತ್ರ ಭದ್ರೆಯ ದಂಡೆಯ ಗಾಳಿಯಲ್ಲಿ.

ಮಾಡುವ ಬಗೆ ಸುಲಭ, ತಾಳ್ಮೆ ಬೇಕು ಅಷ್ಟೆ. ಮೊಳೆಗಳನ್ನು ತೊಳೆದು ಮಣ್ಣಿನ ಕುಡಿಕೆಗೋ ಗಾಜಿನ ಜಾಡಿಗೋ ಹಾಕಿ, ಮುಳುಗುವಷ್ಟು ನೀರು ಹೊಯ್ದು, ಒಂದು ಅಚ್ಚು ಬೆಲ್ಲ ಬಿಡಬೇಕು. ಬಿಗಿಯಾಗಿ ಮುಚ್ಚಬಾರದು, ಬಟ್ಟೆ ಕಟ್ಟಬೇಕು, ಒಳಗಿನ ಗಾಳಿ ಹೊರಗೆ ಹೋಗುತ್ತಿರಲಿ. ಒಂದೆರಡು ವಾರದಲ್ಲಿ ಮೇಲೆ ನೊರೆಗಟ್ಟಿ, ಹುಳಿ ವಾಸನೆ ಬಂದು, ಕಬ್ಬಿಣ ಕರಗಿ ನೀರಿಗಿಳಿದಿರುತ್ತದೆ. ಸೋಸಿದ ನೀರು ನೋಡಲು ಏನೂ ಅಲ್ಲ, ಮಂಕು ಕಂದು. ಇನ್ನೊಂದು ಕಡೆ ಚೊಗರನ್ನು ಸಣ್ಣ ಉರಿಯಲ್ಲಿ ಇಂಗಿಸಿ ಬಟ್ಟೆಯಲ್ಲಿ ಸೋಸಿ ಇಟ್ಟುಕೊಳ್ಳಬೇಕು. ತೋಟದ ಮನೆಯವರ ಪರಿಚಯವಿಲ್ಲದಿದ್ದರೆ ಅಡಿಕೆ ಚೂರನ್ನೇ ಕುಟ್ಟಿ ಕುದಿಸಿದರೂ ನಡೆಯುತ್ತದೆ, ಬಣ್ಣ ಸ್ವಲ್ಪ ತೆಳ್ಳಗಾದೀತು.

ಆಮೇಲೆ ಬೆರೆಸುವ ಗಳಿಗೆ. ಬಿಳಿ ಪಿಂಗಾಣಿ ಬಟ್ಟಲಲ್ಲಿ ಚೊಗರು ಹಾಕಿ, ಕಬ್ಬಿಣದ ನೀರನ್ನು ಚಮಚದ ತುದಿಯಿಂದ ಹನಿ ಹನಿಯಾಗಿ ಬಿಡಿ. ಮೊದಲ ಹನಿ ಬಿದ್ದಲ್ಲಿ ಒಂದು ಕಪ್ಪು ಎಳೆ ಹುಟ್ಟಿ, ಸುತ್ತಿಕೊಂಡು, ಕೆಂಪಿನೊಳಗೆ ಇಳಿಯುತ್ತದೆ. ಎರಡನೆಯದಕ್ಕೆ ಎಳೆ ಕವಲೊಡೆಯುತ್ತದೆ. ಕಡ್ಡಿಯಿಂದ ಕಲಕುವ ಆತುರ ಬೇಡ. ಕೆಂಪು ಹಿಮ್ಮೆಟ್ಟುವುದನ್ನು, ನಡುವೆ ಒಂದು ಕ್ಷಣ ಹಸಿರು ಛಾಯೆ ಮಿಂಚಿ ಹೋಗುವುದನ್ನು ನೋಡಬೇಕು. ಅಡಿಕೆಯ ಕಪ್ಪಿಗೆ ಆ ಹಸಿರು ಕೊನೆಯವರೆಗೂ ಅಂಟಿಕೊಂಡೇ ಇರುತ್ತದೆ. ಅಂಗಡಿಯ ಶಾಯಿಯಲ್ಲಿ ಅದು ಸಿಗುವುದಿಲ್ಲ. ಕೊನೆಗೆ ಜಾಲಿ ಗೋಂದನ್ನು ನೀರಲ್ಲಿ ನೆನೆಸಿ ಒಂದಿಷ್ಟು ಸೇರಿಸಿದರೆ ಶಾಯಿಗೆ ಮೈ ಬರುತ್ತದೆ, ಕಾಗದದ ಮೇಲೆ ಹರಡದೆ ನಿಲ್ಲುತ್ತದೆ.

ಬರೆದ ಕೂಡಲೇ ಅಕ್ಷರ ಬೂದು ಬಣ್ಣದಲ್ಲಿ, ಸಂಕೋಚದಲ್ಲಿ ಇರುತ್ತದೆ. ಗಾಳಿ ತಾಗಿದಷ್ಟೂ ಕಪ್ಪೇರುತ್ತ, ಮರುದಿನ ಬೆಳಿಗ್ಗೆ ನೋಡಿದರೆ ಗಟ್ಟಿಯಾಗಿ ನಿಂತಿರುತ್ತದೆ. ಪ್ರವಾಸದ ಟಿಪ್ಪಣಿಗೆ ಇದಕ್ಕಿಂತ ಒಪ್ಪುವ ಮಸಿ ನನಗೆ ಗೊತ್ತಿಲ್ಲ. ಕಂಡದ್ದೂ ಹಾಗೆಯೇ, ಆ ದಿನ ಮಸುಕು, ಕಳೆದ ಮೇಲೆ ಸ್ಫುಟ.

ಶಾಯಿ ಆದ ಮೇಲೆ ಪುಸ್ತಕ. ಹೊದಿಕೆಗೆ ಅಡಿಕೆ ಹಾಳೆ. ತೋಟದಲ್ಲಿ ತಾನಾಗಿ ಕಳಚಿ ಬಿದ್ದದ್ದು ಸಾಕು. ಮಕ್ಕಳನ್ನು ಅದರ ಮೇಲೆ ಕೂರಿಸಿ ಸೋಗೆ ಹಿಡಿದು ಎಳೆದಾಡಿದ್ದು, ಗದ್ದೆ ಕೆಲಸದವರ ತಲೆಗೆ ಟೊಪ್ಪಿಯಾದದ್ದು, ಮಡಿಸಿ ಕಡ್ಡಿ ಚುಚ್ಚಿದರೆ ಪಡಿಗೆಯಾದದ್ದು ಇದೇ. ಒಣಗಿದಾಗ ಮಡಿಸಹೋದರೆ ಸೀಳುತ್ತದೆ, ರಾತ್ರಿ ನೀರಲ್ಲಿ ನೆನೆಸಿದರೆ ಚರ್ಮದ ಹಾಗೆ ಬಳುಕುತ್ತದೆ. ಬೇಕಾದ ಅಳತೆಗೆ ಕತ್ತರಿಸಿ, ಬೆನ್ನಿನ ಮಡಿಕೆ ಮಾಡಿ, ಭಾರ ಹೇರಿ ನೆರಳಲ್ಲಿ ಒಣಗಿಸಬೇಕು. ಹೊರಮೈಯ ಉದ್ದ ಗೆರೆಗಳನ್ನು ಬೆರಳಿಂದ ಸವರಿದರೆ ಸಣ್ಣಗೆ ತಡೆಯುತ್ತದೆ. ಒಳಮೈ ನುಣುಪು, ಎಳೆಯ ಬೆಣ್ಣೆಬಣ್ಣ. ನೆನೆದ ಹಾಳೆಯ ಮೇಲೆ ಕಬ್ಬಿಣದ ತುಂಡನ್ನೇ ಭಾರ ಇಟ್ಟರೆ ಅಲ್ಲಿಯೂ ಕಪ್ಪು ಗುರುತು ಬೀಳುವುದುಂಟು. ಬೇಡವೆನಿಸಿದರೆ ಕಲ್ಲು ಇಡಿ. ನಾನಾದರೆ ಬೇಕೆಂದೇ ಬಿಡುತ್ತೇನೆ.

ಪುಟಗಳಿಗೆ ಭದ್ರಾವತಿಯ ಕಾಗದ ಸಿಕ್ಕರೆ ಅದೃಷ್ಟ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯ ಯಂತ್ರಗಳು 2015ರ ಹೊತ್ತಿಗೆ ನಿಂತುಹೋದವು. ನಾಡಿನ ಎಷ್ಟೋ ಮಕ್ಕಳ ಕಾಪಿ ಪುಸ್ತಕ, ಎಷ್ಟೋ ಪತ್ರಿಕೆಗಳ ಪುಟ ಆ ಊರಿನಿಂದ ಬಂದದ್ದು. ಹಳೆಯ ಮನೆಗಳ ಅಟ್ಟದಲ್ಲಿ, ಬರೆಯದೆ ಉಳಿದ ಲೆಕ್ಕದ ಪುಸ್ತಕಗಳಲ್ಲಿ ಅದು ಇನ್ನೂ ಇದ್ದೀತು. ಅಂಚು ಹಳದಿಯಾಗಿ, ಮುಟ್ಟಿದರೆ ಸ್ವಲ್ಪ ದಪ್ಪ ಅನಿಸುವ ಅಂಥ ಕಾಗದದ ಮೇಲೆ ಈ ಶಾಯಿ ಕೂರುವ ರೀತಿಯೇ ಬೇರೆ. ಒಂದು ಎಚ್ಚರಿಕೆ ಮಾತ್ರ: ಕಬ್ಬಿಣ ಹೆಚ್ಚಾದ ಮಸಿ ಹುಳಿಯಾಗಿ ಕಾಲಾಂತರದಲ್ಲಿ ಕಾಗದವನ್ನು ತಿನ್ನುತ್ತದೆ. ಚೊಗರಿನ ಕೈ ಮೇಲಾಗಿರಲಿ.

ಏನು ಬರೆಯುವುದು, ಏನು ಬಿಡಿಸುವುದು? ಭದ್ರಾವತಿಯ ಲಕ್ಷ್ಮೀನರಸಿಂಹ ದೇವಾಲಯಕ್ಕೆ ಹೋಗಿ. 13ನೆಯ ಶತಮಾನದ ಹೊಯ್ಸಳರ ಕೆಲಸ, ಮೂರು ಗರ್ಭಗುಡಿ, ಮೂರಕ್ಕೂ ಶಿಖರ. ನರಸಿಂಹನ ಜೊತೆಗೆ ವೇಣುಗೋಪಾಲ, ಪುರುಷೋತ್ತಮ. ಜಗತಿಯ ಮೇಲೆ ನಿಧಾನವಾಗಿ ಸುತ್ತು ಹಾಕುತ್ತ, ಗೋಡೆ ಎಲ್ಲಿ ಮುಂದೆ ಬರುತ್ತದೆ, ಎಲ್ಲಿ ಹಿಂದೆ ಸರಿಯುತ್ತದೆ ಎಂಬುದನ್ನಷ್ಟೇ ಒಂದು ಗೆರೆಯಲ್ಲಿ ಹಿಡಿಯಲು ನೋಡಿ. ಗೆರೆ ಪುಟದ ಮೇಲೆ ತಾನಾಗಿ ನಕ್ಷತ್ರದ ಕೋನಗಳನ್ನು ಬಿಡಿಸುತ್ತ ಹೋಗುತ್ತದೆ. ಫೋಟೊ ತೆಗೆದು ಹೋಗುವವರಿಗೆ ಈ ಗೋಡೆ ಬರೀ ಗೋಡೆ. ಗೆರೆ ಎಳೆದವರಿಗೆ ಪ್ರತಿ ಮೂಲೆಯಲ್ಲೂ ನೆರಳು ಬದಲಾಗುವುದು ತಿಳಿಯುತ್ತದೆ, ಶಿಲ್ಪಿ ಬಿಸಿಲನ್ನು ಲೆಕ್ಕ ಹಾಕಿ ಕಟ್ಟಿದ್ದಾನೆ ಎಂಬುದು ಹೊಳೆಯುತ್ತದೆ. ಶಿಲ್ಪದ ಮೇಲೆ ಕಾಗದ ಒತ್ತಿ ಸೀಸದಕಡ್ಡಿಯಿಂದ ಉಜ್ಜುವ ಆಸೆ ಮಾತ್ರ ಬೇಡವೇ ಬೇಡ. ಬಳಪದ ಕಲ್ಲು ಮೆದು, ಪ್ರತಿ ಉಜ್ಜಿಗೂ ಏನಾದರೂ ಕಳೆದುಕೊಳ್ಳುತ್ತದೆ.

ಉಜ್ಜುವ ಮಾತು ಬಂತೆಂದು ನೆನಪಾಯಿತು. ಬಿ.ಎಲ್. ರೈಸ್ ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ 7 ಮತ್ತು 8ನೆಯ ಸಂಪುಟಗಳಾಗಿ 1902, 1904ರಲ್ಲಿ ಹೊರತಂದರು. ಆ ಕಾಲದಿಂದಲೂ ಶಾಸನತಜ್ಞರು ಊರೂರು ಅಲೆದು ತರುವ ಗಂಟು ಎಂದರೆ ಪಡಿಯಚ್ಚು. ಕಲ್ಲು ತೊಳೆದು, ಒದ್ದೆ ಕಾಗದ ಹರಡಿ, ಬ್ರಷ್ಷಿನಿಂದ ಮೆಲ್ಲಗೆ ಬಡಿದು ಅಕ್ಷರದ ಗುಳಿಗಳಿಗೆ ಇಳಿಸಿ, ಮೇಲೆ ಮಸಿಯ ಉಂಡೆ ಒತ್ತುತ್ತಾರೆ. ಬಿಡಿಸಿದರೆ ಕಪ್ಪಿನ ನಡುವೆ ಬಿಳಿ ಅಕ್ಷರ. ಪರಿಣತರ ಕೈಯ ಕೆಲಸ ಅದು, ನಮ್ಮಂಥವರು ಮಾಡಬಾರದು. ಆದರೆ ಪ್ರವಾಸದಿಂದ ಕೈಯಾರೆ ಮಾಡಿ ತಂದ ವಸ್ತು ಒಂದು ನಾಡಿನ ಚರಿತ್ರೆಯನ್ನೇ ಉಳಿಸಬಲ್ಲದು ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಯಾವುದು?

ಹೊದಿಕೆಯ ಅಂಚಿಗೆ ಚಿತ್ತಾರ ಬರೆಯೋಣ ಎನ್ನುವವರಿದ್ದಾರೆ. ದೀವರ ಹೆಂಗಸರು ಮದುವೆಮನೆಯ ಕೆಮ್ಮಣ್ಣಿನ ಗೋಡೆಗೆ ಪುಂಡಿ ನಾರಿನ ಕುಂಚದಿಂದ ಎಳೆಯುವ ಹಸೆ ಚಿತ್ತಾರದ ಗೆರೆ ನೋಡಿದರೆ ಯಾರಿಗಾದರೂ ಆಸೆಯಾಗುವುದು ಸಹಜ. ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಅಳತೆಪಟ್ಟಿ ಇಲ್ಲದೆ ಗೋಡೆಯುದ್ದ ನೇರ ನಡೆಯುವ ಎಳೆ. ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲೂ ಅದೇ ಕೈ. ಆದರೆ ಅದು ಮದುವೆಗೆ, ಬೆಳೆ ಹೊತ್ತ ಭೂಮಿಗೆ ಸಲ್ಲಿಸುವ ಗೆರೆ. ಪುಸ್ತಕದಿಂದ ನಕಲು ಮಾಡಿ ಅಂಟಿಸಿದರೆ ಬಡವಾಗುತ್ತದೆ. ಬರೆಯಬಲ್ಲ ಅಮ್ಮನ ಪಕ್ಕದಲ್ಲಿ ಕೂತು, ಅವರು ಒಪ್ಪಿ ಕಲಿಸಿದರೆ, ಒಂದೇ ಒಂದು ಎಳೆ ಕಲಿತು ಬನ್ನಿ. ಅದನ್ನು ಹೊದಿಕೆಯ ಕೆಳತುದಿಗೆ ಎಳೆದರೆ ಸಾಕು.

ಮೊದಲ ಪುಟ ಬರೆಯಲು ಕೂಡ್ಲಿಗೆ ಹೋಗಿ ಎಂದು ಹೇಳುತ್ತೇನೆ. ಶಿವಮೊಗ್ಗದಿಂದ 16 ಕಿಲೋಮೀಟರಿನ ಆಸುಪಾಸು, ತುಂಗೆಯೂ ಭದ್ರೆಯೂ ಒಂದಾಗುವ ಜಾಗ. ತುಂಗೆಯ ತೋಟಗಳ ಒಗರು, ಭದ್ರೆಯ ದಂಡೆಯ ಕಬ್ಬಿಣ. ನೀರು ಕೂಡುವಲ್ಲೇ ಅವನ್ನು ಬಟ್ಟಲಲ್ಲಿ ಕೂಡಿಸುವ ಸಂತೋಷ ಬಿಡಲಾಗದು. ಬೇಸಿಗೆಯಲ್ಲಿ ಬಂಡೆ, ಮರಳು ತೇಲಿ, ಎರಡು ಹರಿವುಗಳೂ ಸಣ್ಣಗೆ ಬಿಡಿಬಿಡಿಯಾಗಿ ಬಂದು ಸೇರುವುದು ಕಾಣುತ್ತದೆ. ಮಳೆಗಾಲದಲ್ಲಿ ಎರಡೂ ಕೆಂಪು, ಎಲ್ಲಿ ಯಾವುದು ಎಂದು ತಿಳಿಯದು. ನದಿಗೆ ಏನನ್ನೂ ಚೆಲ್ಲಬೇಡಿ, ಬಟ್ಟಲು ತೊಳೆದ ನೀರನ್ನೂ ದಂಡೆಯಿಂದ ದೂರದ ಮಣ್ಣಿಗೆ ಹಾಕಿ.

ಬರೆಯಲು ಉಕ್ಕಿನ ನಿಬ್ಬು ಬೇಡ. ಈ ಶಾಯಿ ನಿಬ್ಬನ್ನು ತಿನ್ನುತ್ತದೆ, ಫೌಂಟನ್ ಪೆನ್ನಿನಲ್ಲಿ ಗಷ್ಟು ಕಟ್ಟುತ್ತದೆ. ವಾಟೆ ಬಿದಿರಿನ ಕಡ್ಡಿಯನ್ನು ಓರೆಯಾಗಿ ಕತ್ತರಿಸಿ, ತುದಿಯನ್ನು ಸಣ್ಣಗೆ ಸೀಳಿದರೆ ಕನ್ನಡದ ದುಂಡಕ್ಷರಕ್ಕೆ ಹೇಳಿ ಮಾಡಿಸಿದ ಲೇಖನಿ. ತಿರುವಿನಲ್ಲಿ ದಪ್ಪ, ಇಳಿವಿನಲ್ಲಿ ತೆಳು. ಮಲೆನಾಡಿನ ಮಳೆಗೆ ಶಾಯಿಯ ಮೇಲೆ ಬೂಸ್ಟು ಬರುತ್ತದೆ, ಅದಕ್ಕೆ ಬಾಟಲಿಯೊಳಗೆ ಎರಡು ಲವಂಗ ಹಾಕಿಡಿ. ಪ್ರತಿ ಸಲ ಬರೆಯುವ ಮುಂಚೆ ಅಲ್ಲಾಡಿಸಿ. ಹೊರಗೆ ಒಂದು ಚೀಟಿ ಅಂಟಿಸಿ, ಚೊಗರು ಯಾವ ತೋಟದ್ದು, ಮೊಳೆ ಯಾವ ಬೀದಿಯದು, ತಿಂಗಳು ಯಾವುದು ಎಂದು ಬರೆದಿಡಿ. ಮುಂದಿನ ಸಲ ಚಿಕ್ಕಮಗಳೂರಿಗೋ ಶಿರಸಿಗೋ ಹೋದಾಗ ಅಲ್ಲಿಯ ಯಾವ ಮರಕ್ಕೆ ಒಗರಿದೆ ಎಂದು ಅಲ್ಲಿಯವರನ್ನೇ ಕೇಳಿ. ಕಬ್ಬಿಣದ ನೀರು ಈ ಜಾಡಿಯದೇ ಸಾಕಾಗುತ್ತದೆ.