ಪೇಟಿಗೆ ತೆರೆಯದ ಬಾನುಲಿಯ ಬಾಗಿಲು

ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಕಂಪನಿ ನಾಟಕದ ಡೇರೆ ಹೊಕ್ಕವರ ದೃಷ್ಟಿ ನಟನಟಿಯರ ಮೇಲೆ ನೆಡುವುದೇ ಹೊರತು, ರಂಗದ ಅಂಚಿನಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಹಿಡಿದು ಕುಳಿತ ಪೇಟಿ ಮಾಸ್ತರರತ್ತ ಹೊರಳುವುದು ವಿರಳ. ಹಿಂದಿನ ಕಂಪನಿಗಳಲ್ಲಿ ಕಾಲಿನಿಂದ ತಿದಿ ತುಳಿಯುವ ಹಾರ್ಮೋನಿಯಂ ಇರುತ್ತಿದ್ದುದರಿಂದ ಮಾಸ್ತರರ ಎರಡು ಕೈಗಳೂ ಸ್ವರದ ಮನೆಗಳ ಮೇಲೆ ಸ್ವಚ್ಛಂದವಾಗಿ ಸಂಚರಿಸುತ್ತಿದ್ದವು. ಮಾತಿನ ಕೊನೆಯ ಪದ ನಟನ ಬಾಯಿಂದ ಉದುರುವಷ್ಟರಲ್ಲಿ ಷಡ್ಜವನ್ನು ತೋರಿಸಿ ಕಂದಪದ್ಯಕ್ಕೆ ಎತ್ತುಗಡೆ ಕೊಡುವುದು, ಪರದೆ ಸಿಕ್ಕಿಕೊಂಡರೆ ಸಭಿಕರು ಸಿಳ್ಳು ಹಾಕದಂತೆ ಒಂದು ಮಟ್ಟನ್ನು ಹಿಡಿದೆಳೆಯುವುದು, ಇವೆಲ್ಲ ಯಾವ ಗ್ರಂಥದಲ್ಲಿಯೂ ದೊರೆಯದ ವಿದ್ಯೆ.

ಅಮೆರಿಕದಲ್ಲಿ ಮೂಕಿ ಚಿತ್ರಗಳಿಗೆ ಚಿತ್ರಮಂದಿರದ ಆರ್ಗನ್ ನುಡಿಸುತ್ತಿದ್ದ ರೋಸಾ ರಿಯೊ (1902–2010), ಟಾಕಿ ಬಂದು ಆ ಅನ್ನಕ್ಕೆ ಸಂಚಕಾರವಾಗಲು, ಸನ್ನಿವೇಶಕ್ಕೆ ತಕ್ಕಂತೆ ಆ ಕ್ಷಣದಲ್ಲೇ ನುಡಿಸುವ ಇದೇ ವಿದ್ಯೆಯ ಬಲದಿಂದ ಬಾನುಲಿ ಧಾರಾವಾಹಿಗಳ ಸಂಗೀತಗಾರ್ತಿಯಾಗಿ ಹೆಸರಾದರು. ನಮ್ಮಲ್ಲಿಯೋ, 1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಂ ವಾದ್ಯವನ್ನೇ ನಿಷೇಧಿಸಿತು. ಸ್ಥಿರಸ್ವರಗಳ ಈ ಪರದೇಶಿ ಪೆಟ್ಟಿಗೆಯಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡು ಹುಟ್ಟದು, ನಮ್ಮ ಸೂಕ್ಷ್ಮ ಶ್ರುತಿಗಳು ನಿಲ್ಲವು ಎಂಬುದು ಆಕ್ಷೇಪ. ಆಕ್ಷೇಪ ಸುಳ್ಳಲ್ಲ. 1950ರ ಜನವರಿ 8ರಂದು ಧಾರವಾಡ ನಿಲಯ ಆರಂಭವಾದಾಗಲೂ ನಿಷೇಧ ಹಾಗೆಯೇ ಇತ್ತು. ಅದು ಸಡಿಲಗೊಂಡದ್ದು 1971ರಲ್ಲಿ, ಅದೂ ಭಾಗಶಃ. ಬಾಲ್ಯದಲ್ಲಿ ನಾಟಕ ಕಂಪನಿಯ ರಂಗದ ಮೇಲೆ ಹಾಡಿದ ಮಲ್ಲಿಕಾರ್ಜುನ ಮನ್ಸೂರರು ಗ್ರಾಮೊಫೋನ್ ಕಂಪನಿ ಎಚ್‌ಎಂವಿಯ ಸಂಗೀತ ನಿರ್ದೇಶಕರಾಗಿ, ಅನಂತರ ಅದೇ ಧಾರವಾಡ ನಿಲಯದ ಸಂಗೀತ ಸಲಹೆಗಾರರಾದರು. ರಂಗದ ಗಾಯಕನನ್ನು ಗೌರವದಿಂದ ಬರಮಾಡಿಕೊಂಡ ಬಾನುಲಿ, ಆ ಗಾಯಕನಿಗೆ ಸ್ವರ ಹಿಡಿದ ಪೇಟಿಯನ್ನು ಮಾತ್ರ ಹೊಸ್ತಿಲ ಹೊರಗೇ ನಿಲ್ಲಿಸಿತು.

ಖಯಾಲಿನ ಆಲಾಪಕ್ಕೆ ಸಾರಂಗಿಯೇ ಮೇಲೆಂಬ ರಸಿಕರೊಡನೆ ನನಗೆ ವ್ಯಾಜ್ಯವಿಲ್ಲ. ಆದರೆ ಕಣ್ಣಿಗೆ ಕಾಣದ ರಂಗವಾದ ಬಾನುಲಿ ನಾಟಕಕ್ಕೆ, ದೃಶ್ಯದಿಂದ ದೃಶ್ಯಕ್ಕೆ ಶ್ರೋತೃವನ್ನು ಕೈಹಿಡಿದು ದಾಟಿಸಬಲ್ಲ ಸಂಯೋಜಕ ಕಂಪನಿಯ ಪೇಟಿ ಮಾಸ್ತರರಿಗಿಂತ ಬೇರೆ ಯಾರಿದ್ದರು? ಶಾಸ್ತ್ರೀಯ ಸಂಗೀತದ ಒಂದು ನ್ಯಾಯವಾದ ಆಕ್ಷೇಪವನ್ನು ಸಮಸ್ತ ಪ್ರಸಾರಕ್ಕೂ ಹೊರಿಸಿದ್ದು ಅವಿವೇಕವೆಂದೇ ನನ್ನ ಅಭಿಮತ. ಮುಂದಿನ ಜಾತ್ರೆಯಲ್ಲಿ ನಾಟಕಕ್ಕೆ ಹೋಗುವ ವಾಚಕರು ಪೇಟಿಯ ಪಕ್ಕದ ಸಾಲಿನಲ್ಲಿಯೇ ಆಸನ ಹಿಡಿಯಬೇಕೆಂದು ವಿನಂತಿ.